ಬಲಗಿವಿಯ ಓಲೆ

ಕಣ್ಣು ಹೋದ ಮೇಲೆ ನಮ್ಮ ಡ್ರಾಯಿಂಗ್ ಮೇಷ್ಟ್ರು ಯಾರ ಮನೆಗೆ ಹೋದರೂ ಒಳಗೆ ಕಾಲಿಡುವ ಮುಂಚೆ ಗೇಟನ್ನು ಮುಟ್ಟಿ ನೋಡುತ್ತಿದ್ದರು. ಮೇಲಿನ ಪಟ್ಟಿಯಿಂದ ಶುರು ಮಾಡಿ ಒಂದೊಂದೇ ಸರಳಿನ ಮೇಲೆ ಬೆರಳು ಇಳಿಸುತ್ತ, ಬೆಸುಗೆ ಇದ್ದಲ್ಲೆಲ್ಲ ನಿಲ್ಲಿಸುತ್ತ ಹೋಗುವರು. ಮನೆಯವರು "ಬನ್ನಿ ಮೇಷ್ಟ್ರೆ, ಒಳಕ್ ಬನ್ನಿ" ಎಂದು ಕಾಯುತ್ತ ನಿಂತಿರಬೇಕು. ಇವರು ಗೇಟಿನ ಜೊತೆ ಮಾತು ಮುಗಿಸಿಯೇ ಒಳಗೆ ಬರುವುದು.

ಒಮ್ಮೆ ಧನಗೆರೆಯಲ್ಲಿ ಗೃಹಪ್ರವೇಶ. ಗೇಟು ನನ್ನ ಕೈಕೆಲಸ, ಕೊಳ್ಳೇಗಾಲದ ನನ್ನ ವೆಲ್ಡಿಂಗ್ ಶೆಡ್ಡಿನಲ್ಲಿ ಆದದ್ದು. ಮೇಷ್ಟ್ರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿದ್ದೆ. ಗೇಟಿನ ನಡುಮಧ್ಯಕ್ಕೆ ಬೆರಳು ಬಂದು ನಿಂತಿತು. ಬಂದವರಿಗೆಲ್ಲ ಕೇಳುವಂತೆ ಕೂಗಿದರು:

"ಇಲ್ಲಿ ಕೆಲ್ಸ ಬುಟ್ಟು ಊಟಕ್ಕೆ ಎದ್ದೋಗಿದ್ದೆ ಅಲ್ವೇನ್ಲಾ?"

ನಿಜವಾಗಿಯೂ ಎದ್ದು ಹೋಗಿದ್ದೆ. ಬಂದ ಮೇಲೆ ಬೇರೆ ವೆಲ್ಡಿಂಗ್ ರಾಡು ಹಿಡಿದು ಮುಂದುವರಿಸಿದ್ದೆ. ಆ ಮನೆಯವನು ನಗುತ್ತಿದ್ದ. ನನಗೆ ಅವಮಾನವಾಯಿತು. ಹಾಗೆಯೇ, ಇಡೀ ತಾಲೂಕಿನಲ್ಲಿ ನನ್ನ ಕೆಲಸವನ್ನು ಇಷ್ಟು ಗಮನಿಸುವವರು ಇವರೊಬ್ಬರೇ ಎಂದು ಹೆಮ್ಮೆಯೂ ಆಯಿತು. ಅವರ ಜೊತೆ ಇದ್ದಷ್ಟು ಕಾಲವೂ ಈ ಎರಡೂ ಒಟ್ಟಿಗೇ ಆಗುತ್ತಿದ್ದವು.

ಅವರು ಯಾರನ್ನೂ ಹೊಗಳಿದವರಲ್ಲ. ಮಧುವನಹಳ್ಳಿಯ ಶಾಲೆಯಲ್ಲಿ ನಮಗೆ ಪಾಠ ಮಾಡುತ್ತಿದ್ದಾಗ ಎಷ್ಟೇ ಚೆನ್ನಾಗಿ ಬರೆದು ತೋರಿಸಿದರೂ "ಪರ್ವಾಗಿಲ್ಲ" ಎನ್ನುವರು. ಅದೇ ಅವರ ಮೊದಲ ದರ್ಜೆ. "ಇನ್ನೊಂದ್ಸಲ ನೋಡ್ಕಂಡ್ ಬಾ" ಎಂದರೆ ಎರಡನೆಯದು. ಏನೂ ಹೇಳದೆ ಹಾಳೆಯನ್ನು ವಾಪಸ್ಸು ಕೊಟ್ಟರೆ ನಪಾಸು. ಹೆಡ್‌ಮಾಸ್ಟರರ ಮಗಳಿಗೂ ಹಾಗೇ ವಾಪಸ್ಸು ಕೊಟ್ಟವರು.

ಒಂದು ದಿನ ತರಗತಿಗೆ ಮೇಕೆ ಹಿಡಿದುಕೊಂಡು ಬಂದರು. ಮೇಜಿನ ಕಾಲಿಗೆ ಕಟ್ಟಿ, "ಯಾರೂ ಪೆನ್ಸಿಲ್ ಮುಟ್ಬ್ಯಾಡಿ. ಬೆಲ್ ಒಡ್ಯೋವರ್ಗೂ ನೋಡಿ" ಎಂದರು. ಮೇಕೆ ನಮ್ಮ ಹಾಜರಿ ಪುಸ್ತಕದ ಮೂಲೆ ತಿಂದಿತು, ಹಿಕ್ಕೆ ಹಾಕಿತು, ನಾವು ನಕ್ಕು ಸುಸ್ತಾದೆವು. ಮಾರನೆಯ ದಿನ ಮೇಕೆ ಇಲ್ಲ, ಬರೆಯಿರಿ ಎಂದರು. ನಾನು ಬರೆದ ಮೇಕೆಗೆ ಕಿವಿ ನೆಟ್ಟಗಿತ್ತು, ನಾಯಿಯ ಕಿವಿಯ ಹಾಗೆ. ಅದನ್ನು ನೋಡಿ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ: "ಇಲ್ದಿದ್ದುನ್ನ ಬರೀಬ್ಯಾಡ ಕಣ್ಲಾ. ಇರೋದ್ನ ಬುಡ್ಬ್ಯಾಡ. ಇಷ್ಟೇ ಡ್ರಾಯಿಂಗು."

ಏಳನೇ ತರಗತಿಗೆ ನನ್ನ ಓದು ನಿಂತಿತು. ಅಪ್ಪ ಗಾಡಿಯಿಂದ ಬಿದ್ದು ಸೊಂಟ ಮುರಿದುಕೊಂಡ. ನಾನು ಕೊಳ್ಳೇಗಾಲದ ವೆಲ್ಡಿಂಗ್ ಶೆಡ್ಡು ಸೇರಿದೆ. ಬೇರೆ ಮೇಷ್ಟ್ರುಗಳು ಸಂತೆಯಲ್ಲಿ ಸಿಕ್ಕರೆ, "ಓದ್ಬೇಕಾಗಿತ್ತು ಕಣೋ" ಎನ್ನುವರು. ನನಗೆ ಮೈ ಉರಿಯುತ್ತಿತ್ತು. ಇವರು ಒಂದು ಸಂಜೆ ಸೈಕಲ್ಲಿನಲ್ಲಿ ಶೆಡ್ಡಿಗೆ ಬಂದರು. ಓದಿನ ಸುದ್ದಿ ಎತ್ತಲಿಲ್ಲ. ಜೇಬಿನಿಂದ ಹಾಳೆ ತೆಗೆದರು, ಅದರಲ್ಲಿ ನವಿಲು. "ಕಿಟಕಿ ಗ್ರಿಲ್ಲು. ಇದ್ನ ಕಬ್ಬಿಣ್ದಲ್ಲಿ ಬರಿ ನೋಡಾನ" ಎಂದರು. ಬರೆದೆ. ಮೂರು ಸಲ ವಾಪಸ್ಸು ಕೊಟ್ಟರು. ನಾಲ್ಕನೆಯ ಸಲ "ಪರ್ವಾಗಿಲ್ಲ". ಆ ನವಿಲಿನಿಂದಲೇ ನಾನು ಊಟ ಮಾಡಿದೆ, ಮದುವೆಯಾದೆ, ಸ್ವಂತ ಶೆಡ್ಡು ಹಾಕಿದೆ. ಹನೂರಿನಿಂದ ಯಳಂದೂರಿನವರೆಗೆ ಯಾವ ಬೀದಿಗೆ ಹೋದರೂ ಆ ನವಿಲು ಒಂದಾದರೂ ಕಾಣುತ್ತದೆ. ಬರೆದವರ ಹೆಸರು ಎಲ್ಲೂ ಇಲ್ಲ.

ಅವರು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದರು ಎನ್ನುವುದು ನನಗೆ ಬಹಳ ಕಾಲ ಗೊತ್ತಿರಲಿಲ್ಲ. ವಯಸ್ಸಿನಲ್ಲಿದ್ದಾಗ ಮೈಸೂರಿನ ಒಂದು ಸಣ್ಣ ಮುದ್ರಣಾಲಯಕ್ಕೆ ಏಳೆಂಟು ಕಥೆ ಪುಸ್ತಕಗಳಿಗೆ ಬರೆದುಕೊಟ್ಟಿದ್ದರಂತೆ. ಬರೆಯುವುದು ಎಂದರೆ ಕೆತ್ತುವುದು. ಲಿನೋಲಿಯಂ ಎನ್ನುವ ರಬ್ಬರಿನಂಥ ಹಲಗೆಯ ಮೇಲೆ ಸಣ್ಣ ಉಳಿಯಿಂದ ಕೆತ್ತಿ ಕೊಡುವರು. ಮುದ್ರಣಾಲಯದವರು ಮಸಿ ಹಚ್ಚಿ ಅಚ್ಚು ಒತ್ತುವರು. ಪುಸ್ತಕದಲ್ಲಿ ಹೆಸರು ಯಾಕಿಲ್ಲ ಎಂದು ಕೇಳಿದ್ದಕ್ಕೆ, "ಮಕ್ಳು ಆನೆ ನೋಡ್ತವೆ. ನನ್ ಹೆಸ್ರು ಕಟ್ಕಂಡು ಅವುಕ್ಕೇನಾಗ್ಬೇಕು?" ಎಂದರು. ಪುಸ್ತಕಗಳನ್ನೆಲ್ಲ ಮಕ್ಕಳಿಗೇ ಹಂಚಿಬಿಟ್ಟಿದ್ದರು. ಉಳಿದ ಒಂದೊಂದು ಪ್ರತಿಯನ್ನು ಗೆದ್ದಲು ತಿಂದಿತ್ತು. ಕೆತ್ತಿದ ಹಲಗೆಗಳು ಮಾತ್ರ ಹಳೆಯ ಪಂಚೆಯಲ್ಲಿ ಸುತ್ತಿ ಟ್ರಂಕಿನಲ್ಲಿದ್ದವು.

ಅದರಲ್ಲೊಂದು ಹಲಗೆಯ ವಿಷಯವನ್ನು, ಹೆಂಡತಿ ತೀರಿಕೊಂಡು ಕಣ್ಣು ಪೂರಾ ಹೋದ ಮೇಲೆ, ಒಂದು ಮಧ್ಯಾಹ್ನ ನನ್ನ ಶೆಡ್ಡಿನ ಬೆಂಚಿನ ಮೇಲೆ ಕೂತು ಹೇಳಿದರು.

ಅವರ ಮೊದಲ ಕೆಲಸ ಹೂಗ್ಯಂನಲ್ಲಿ. ಅಲ್ಲಿ ಅವರಿಗೊಂದು ಹೆಣ್ಣು ಮಗು ಹುಟ್ಟಿತ್ತು. ಇದ್ದಿದ್ದರೆ ನನಗಿಂತ ಒಂದೆರಡು ವರ್ಷಕ್ಕೆ ದೊಡ್ಡವಳು. ರಾಗಿ ಹೊಲಕ್ಕೆ ಆನೆ ಬಂದ ಕಥೆಗೆ ಚಿತ್ರ ಕೆತ್ತುವಾಗ ಹೆಂಡತಿಯನ್ನು ಬಾಗಿಲಲ್ಲಿ ನಿಲ್ಲಿಸಿ, ಸೊಂಟದ ಮೇಲೆ ಮಗುವನ್ನು ಕೂರಿಸಿ, ನೋಡಿಕೊಂಡೇ ಕೆತ್ತಿದರು. ಮಗು ಆನೆ ನೋಡಿ ಬಾಯಿ ಬಿಟ್ಟಿದೆ. ಅದಕ್ಕೆ ಆಗ ತಾನೇ ಕಿವಿ ಚುಚ್ಚಿಸಿದ್ದರು. ಒಂದು ಕಿವಿ ಚುಚ್ಚುವಷ್ಟರಲ್ಲಿ ಕಿರುಚಿ, ಆಚಾರಿಯ ಕೈ ಕಚ್ಚಿ, ಮೈ ನೀಲಿಯಾಗುವಷ್ಟು ಅತ್ತಿತಂತೆ. ತಾಯಿ ಎತ್ತಿಕೊಂಡು ಓಡಿಬಂದು, "ಇನ್ನೊಂದ್ ಕಿವಿ ಬರೋ ತಿಂಗ್ಳು ಚುಚ್ಸಾನ" ಎಂದಳು. ಬರುವ ತಿಂಗಳು ಬರುವುದರೊಳಗೆ ಜ್ವರ ಬಂತು. ಹನೂರಿನ ಆಸ್ಪತ್ರೆಗೆ ಹೊತ್ತುಕೊಂಡು ಬರುವ ದಾರಿಯಲ್ಲೇ ಮಗು ಹೋಯಿತು.

"ಒಂದ್ ಫೋಟೋ ಇಲ್ಲ ಕಣ್ಲಾ" ಎಂದರು. "ಆ ಹಲ್ಗೆಲಿ ಮಾತ್ರ ಅವ್ಳೆ. ಒಂದೇ ಕಿವಿಗೆ ಓಲೆ. ಮುಖ ನಾಣ್ಯದಷ್ಟದೆ. ಎಷ್ಟ್ ಸವರುದ್ರೂ ಬೆರಳ್ಗೆ ಸಿಕ್ಕಲ್ಲ."

ನಾನು ಬಿಸಿ ಕಬ್ಬಿಣ ಮುಟ್ಟಿದವನ ಹಾಗೆ ಎದ್ದು ಟೀ ತರಲು ಹೋದೆ.

ಆ ಹೊತ್ತಿಗೆ ಸರಿಯಾಗಿ ಯಳಂದೂರಿನ ಹತ್ತಿರ ಒಬ್ಬರು ಮೇಡಂ ತಮ್ಮ ತಂದೆಯ ಮಾವಿನ ತೋಪಿನಲ್ಲಿ ಒಂದು ಹೊಸ ಕೆಲಸ ಶುರು ಮಾಡಿದ್ದರು. ಹಳೆಯ ಕಾಲದ ಮಕ್ಕಳ ಪುಸ್ತಕಗಳ ಚಿತ್ರಗಳನ್ನು ಆಳೆತ್ತರಕ್ಕೆ ಮಾಡಿಸಿ ಮರಗಳ ನಡುವೆ ನಿಲ್ಲಿಸುವುದು; ಮಕ್ಕಳು ಅಪ್ಪ ಅಮ್ಮನ ಜೊತೆ ಬುತ್ತಿ ಕಟ್ಟಿಕೊಂಡು ಬಂದು ನರಿ, ಮೊಲ, ರಾಜ, ಮುದುಕಿ ಎಲ್ಲರ ನಡುವೆ ಓಡಾಡುವುದು. ಚೌಕಟ್ಟು, ಕಂಬಗಳ ಕೆಲಸಕ್ಕೆ ನನ್ನನ್ನು ಕರೆಸಿದರು. ನಾನು ಮೇಷ್ಟ್ರ ಹಲಗೆಗಳ ವಿಷಯ ಹೇಳಿದೆ. ಅವರು ಕುಣಿದಾಡಿದರು. ಪುಸ್ತಕ ಸಿಗುತ್ತದೇನೋ ಎಂದು ಲೈಬ್ರರಿಗಳಲ್ಲೆಲ್ಲ ಹುಡುಕಿಸಿದರು, ಸಿಗಲಿಲ್ಲ. "ಹಲಗೆ ನೋಡಿಕೊಂಡೇ ಮಾಡಿ" ಎಂದರು.

ತೋಪಿನ ಬೇರೆ ಚಿತ್ರಗಳೆಲ್ಲ ಬಣ್ಣ ಬಳಿದ ಮರದ ಹಲಗೆಗಳು. ತಾಯಿ ಮಗುವನ್ನು ಮಾತ್ರ ಕಬ್ಬಿಣದಲ್ಲಿ ಮಾಡುತ್ತೇನೆ ಎಂದೆ. ದಪ್ಪ ತಗಡು ಕತ್ತರಿಸಿ, ಅದರ ಮೇಲೆ ಸರಳು ಬಗ್ಗಿಸಿ ಗೆರೆ ಗೆರೆಯಾಗಿ ಬೆಸೆಯುವುದು. ಆಗ ಮೂಗು, ತುಟಿ, ಕಣ್ಣು ಎಲ್ಲವೂ ಬೆರಳಿಗೆ ಸಿಗುತ್ತವೆ. ಮೇಷ್ಟ್ರಿಗೆ ಹೇಳಿದೆ. ಅವರು ಟ್ರಂಕು ತೆಗೆಸಿ ಹಲಗೆ ಕೊಟ್ಟರು. ಕೊಡುವಾಗ ಹೇಳಿದರು:

"ಮೊದ್ಲು ಮಸಿ ಹಚ್ಚಿ ಒಂದ್ ಕಾಗ್ದದ್ ಮೇಲೆ ಒತ್ಕಳಪ್ಪ. ಆಮೇಲೆ ಮಾಡು."

ನಲವತ್ತು ವರ್ಷ ಕಬ್ಬಿಣ ಬಗ್ಗಿಸಿದವನಿಗೆ ಇದೊಂದು ಪಾಠ ಬೇಕಿತ್ತೇ ಎನ್ನಿಸಿತು. ಮಸಿ ಹಚ್ಚಿದರೆ ಹಳೆಯ ಹಲಗೆ ಹಾಳಾಗುತ್ತದೆ ಎಂದೂ ಇತ್ತು. ಕೆತ್ತನೆ ಎದುರಿಗೆ ಚೊಕ್ಕವಾಗಿ ಕಾಣುತ್ತಿದೆ, ಕಾಗದ ಯಾಕೆ?

"ಬ್ಯಾಡ ಬುಡಿ ಮೇಷ್ಟ್ರೆ. ನಂಗ್ ಕಣ್ಣದೆ, ಕಾಣ್ತದೆ" ಎಂದುಬಿಟ್ಟೆ.

ಮಾತು ಬಾಯಿಂದ ಬಿದ್ದ ಮೇಲೆ ಎತ್ತಿಕೊಳ್ಳಲು ಆಗಲಿಲ್ಲ. ಅವರ ಮುಖ ಸ್ವಲ್ಪ ಗೋಡೆಯ ಕಡೆ ತಿರುಗಿತು. "ಆಯ್ತು ಕಣಪ್ಪ" ಎಂದರು, ಅಷ್ಟೇ. ಮತ್ತೆ ಆ ವಿಷಯ ಎತ್ತಲಿಲ್ಲ.

ಒಂದು ತಿಂಗಳು ಆ ಕೆಲಸ ಮಾಡಿದೆ. ಬೇರೆ ಗಿರಾಕಿಗಳು ಬಂದು ಬೈದು ಹೋದರು. ಹಲಗೆಯ ಮೇಲೆ ಚೌಕ ಚೌಕ ಗೆರೆ ಹಾಕಿ, ಭೂತಗನ್ನಡಿ ಇಟ್ಟು, ಅಳತೆ ತೆಗೆದು, ತಗಡಿನ ಮೇಲೆ ಇಳಿಸಿದೆ. ಮಗುವಿನ ಮುಖವೊಂದಕ್ಕೇ ಎಂಟು ದಿನ. ಓಲೆಗೆ ಸೈಕಲ್ಲಿನ ಬೇರಿಂಗಿನ ಗುಂಡೊಂದನ್ನು ಬೆಸೆದೆ. ನನ್ನ ಹೆಂಡತಿ ರಾಜಮ್ಮ ಒಂದು ದಿನ ಊಟ ತಂದವಳು ನೋಡಿ, "ಇದೇನ್ರೀ, ಈಯಮ್ಮ ಬಲ್ಗಡೆ ಸೊಂಟದ್ ಮೇಲೆ ಎತ್ಕಂಡವ್ಳೆ? ಕೆಲ್ಸ ಮಾಡೋ ಕೈಲಿ ಮಗ ಹಿಡ್ಕಂಡ್ರೆ ಮುದ್ದೆ ತಿರ್ವೋರ್ಯಾರು?" ಎಂದಳು.

"ಕಲೆ ಅಂದ್ರೆ ಹಂಗೇ ಇರ್ತದೆ, ನೀ ಸಾರು ಬಡ್ಸು" ಎಂದೆ.

ತೋಪು ತೆರೆದ ಮೇಲೆ ಒಂದು ಭಾನುವಾರ ಎಲ್ಲರೂ ಹೊರಟೆವು. ನಾನು, ರಾಜಮ್ಮ, ಮಗಳು ಸುಧಾ, ಅವಳ ಐದು ವರ್ಷದ ಮಗಳು ಚಿನ್ನು. ಪಕ್ಕದಲ್ಲಿ ಮೇಷ್ಟ್ರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮುಖಕ್ಕೆ ಪೌಡರು. ವ್ಯಾನಿನಲ್ಲಿ ಚಿತ್ರಾನ್ನದ ಡಬ್ಬಿಯನ್ನು ತಾವೇ ತೊಡೆಯ ಮೇಲೆ ಇಟ್ಟುಕೊಂಡು, "ಇದುಕ್ ಕಡ್ಲೆಕಾಯ್ ಬೀಜ ಸಾಲ್ದು ರಾಜಮ್ಮ, ತೂಕ ನೋಡುದ್ರೇ ಗೊತ್ತಾಯ್ತದೆ" ಎಂದು ರೇಗಿಸುತ್ತಿದ್ದರು.

"ಇಟ್ಕಂಡವ್ರು ನೀವು, ಆಮೇಲೆ ಕಮ್ಮಿ ಆದ್ರೆ ನಿಮ್ಮೇಲೇ ಅನ್ಮಾನ" ಎಂದಳು ಇವಳು.

ತೋಪಿನಲ್ಲಿ ಜಾತ್ರೆಯ ಹಾಗೆ ಮಕ್ಕಳು. ಚಿನ್ನು ಮೇಷ್ಟ್ರ ತೋರುಬೆರಳು ಹಿಡಿದುಕೊಂಡು ಚಿತ್ರದಿಂದ ಚಿತ್ರಕ್ಕೆ ಎಳೆದುಕೊಂಡು ಹೋದಳು. ಅವಳು ಹೇಳುವುದು, ಅವರು ಕೇಳುವುದು.

"ತಾತ, ಇಲ್ಲಿ ನರಿ ಅದೆ. ಕೋಟ್ ಆಕಂಡದೆ."

"ಬಾಲ ಎಲ್ಲದೆ? ಕೋಟಿನ್ ಒಳ್ಗೋ ಆಚ್ಗೋ?"

"ಆಚ್ಗೆ."

"ಹಂಗಾದ್ರೆ ಬರ್ದವ್ನು ಬುದ್ವಂತ. ಒಳ್ಗಿದ್ರೆ ಕೂತ್ಕಳಕ್ ಆಯ್ತಿರ್ಲಿಲ್ಲ ಅದುಕ್ಕೆ."

ಕನ್ನಡಕ ಹಾಕಿದ ಹುಲಿಯ ಮುಂದೆ, ಕುಂಬಳಕಾಯಿ ಹೊತ್ತ ಮುದುಕಿಯ ಮುಂದೆ, ಚಂದ್ರನಿಗೆ ಏಣಿ ಹಾಕಿದ ಮೊಲದ ಮುಂದೆ ಎಲ್ಲ ನಿಂತರು. ಹಳೆಯ ಚಿತ್ರಗಾರರಲ್ಲಿ ಕೆಲವರ ಕೈಯನ್ನು ಚಿನ್ನು ಹೇಳಿದ ಮಾತಿನಿಂದಲೇ ಗುರುತಿಸಿದರು. ಅವತ್ತು ಅವರು ನಕ್ಕಷ್ಟು ನಾನು ಯಾವತ್ತೂ ಕಂಡಿರಲಿಲ್ಲ. ಕೊನೆಗೆ ತಾಯಿ ಮಗುವಿನ ಹತ್ತಿರ ಬಂದೆವು. ಕೋಲನ್ನು ಸುಧಾಳ ಕೈಗೆ ಕೊಟ್ಟರು. ಅಂಗೈಗಳನ್ನು ಪಂಚೆಗೆ ಒರೆಸಿಕೊಂಡರು.

ನಾನು ಭುಜ ಹಿಡಿದು ಕಬ್ಬಿಣದ ಮುಂದೆ ನಿಲ್ಲಿಸಿದೆ. ಮೊದಲು ತಾಯಿಯ ತಲೆ ಸಿಕ್ಕಿತು. ತುರುಬು, ಕೆನ್ನೆ, ಕುತ್ತಿಗೆ. "ಇವ್ಳೇ" ಎಂದರು. ಆಮೇಲೆ ಅವರ ಕೈ ನೇರವಾಗಿ ಒಂದು ಕಡೆಗೆ ಇಳಿಯಿತು; ಅಲ್ಲಿ ಇದ್ದದ್ದು ತಾಯಿಯ ಬರಿಯ ಕೈ. ಬೆರಳು ಅಲ್ಲೇ ಒಂದು ಕ್ಷಣ ತಡಕಾಡಿತು. "ಈ ಕಡೆ ಮೇಷ್ಟ್ರೆ" ಎಂದು ನಾನು ಇನ್ನೊಂದು ಬದಿಗೆ ಕೈ ಹಿಡಿದು ತಂದೆ. ಮಗುವಿನ ಮುಖ ಎರಡು ಅಂಗೈಗೂ ಸಿಕ್ಕಿತು. ಹಣೆ, ಮೂಗು, ಬಿಟ್ಟ ಬಾಯಿ. ಹೆಬ್ಬೆರಳುಗಳು ಎರಡು ಕಿವಿಗೂ ಹೋದವು. ಒಂದರಲ್ಲಿ ಗುಂಡು. ಇನ್ನೊಂದು ಬರಿದು. ಬರಿದಾದ ಕಿವಿಯ ಮೇಲೆ ಬೆರಳು ಬಹಳ ಹೊತ್ತು ಇತ್ತು. ಮತ್ತೆ ಗುಂಡಿಗೆ ಬಂತು. ಮತ್ತೆ ಬರಿಗಿವಿಗೆ ಹೋಯಿತು.

"ಓಲೆ ಒಂದ್ಕೇ ಆಕಿವ್ನಿ ಮೇಷ್ಟ್ರೆ, ನೀವ್ ಏಳ್ದಂಗೆ" ಎಂದೆ. ನನಗೆ ತಡೆಯಲಾಗಲಿಲ್ಲ.

ಅವರು ಕೈ ಕೆಳಗಿಳಿಸಿದರು. ನನ್ನ ದನಿ ಬಂದ ಕಡೆಗೆ ಮುಖ ಮಾಡಿ ಹೇಳಿದರು: "ಚೆನ್ನಾಗದೆ ಕಣ್ಲಾ. ಬೋ ಚೆನ್ನಾಗಿ ಮಾಡಿದ್ದೀಯ."

ಚೆನ್ನಾಗದೆ! ಆ ಬಾಯಿಂದ! ಊಟಕ್ಕೆ ಕೂತಾಗ ಅವರು ಎರಡು ತುತ್ತಿಗಿಂತ ಹೆಚ್ಚು ತಿನ್ನಲಿಲ್ಲ, ದಾರಿಯುದ್ದಕ್ಕೂ ಕಣ್ಣು ಮುಚ್ಚಿ ಕೂತಿದ್ದರು. ದಣಿದಿದ್ದಾರೆ ಎಂದುಕೊಂಡೆ. ನಾನೋ, ಮಾರನೆಯ ದಿನದಿಂದ ಕೊಳ್ಳೇಗಾಲದ ಟೀ ಅಂಗಡಿಗಳಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಆ ಮೇಷ್ಟ್ರ ಕೈಲಿ ಓದಿದ ನೂರಾರು ಜನರಲ್ಲಿ ಚೆನ್ನಾಗಿದೆ ಎನ್ನಿಸಿಕೊಂಡವನು ನಾನೊಬ್ಬನೇ ಎಂದು.

ಎರಡು ತಿಂಗಳಿಗೆ ಅವರು ಹೋದರು. ಬೆಳಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟವರು ಮತ್ತೆ ಏಳಲಿಲ್ಲ.

ಹನ್ನೊಂದನೆಯ ದಿನ ಮುಗಿದ ಮೇಲೆ, ಅವರಿಗೆ ಅಡುಗೆ ಮಾಡಿ ಹಾಕುತ್ತಿದ್ದ ಪಕ್ಕದ ಮನೆಯ ಪುಟ್ಟಮ್ಮನ ಜೊತೆ ಜಗಲಿಯ ಮೇಲೆ ಕೂತಿದ್ದೆ. ಸುಮ್ಮನಿರಲಾರದೆ ಅಲ್ಲಿಯೂ ಅದೇ ಪುರಾಣ ತೆಗೆದೆ. ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು ನನ್ನನ್ನೇ ನೋಡಿದಳು.

"ಏಳ್ಬ್ಯಾಡ ಅಂದಿದ್ರು. ಈಗ ಅವ್ರೇ ಇಲ್ಲ, ಏಳ್ತೀನಿ" ಎಂದಳು. "ಅವತ್ತು ಯಳಂದೂರಿಂದ ಬಂದವ್ರು ಅನ್ನ ಮುಟ್ನಿಲ್ಲ ಕಣಪ್ಪ. ಕೂತ್ಕಂಡು ಮಗಿನಂಗೆ ಅತ್ರು. 'ಅದು ನಮ್ಮುಡ್ಗಿ ಅಲ್ಲ ಕಣವ್ವ, ನಮ್ಮುಡ್ಗಿಗೆ ಓಲೆ ಇದ್ದುದ್ದು ಎಡ್ಗಿವೀಲಿ. ಅವ್ನು ಅಚ್ಚು ಒತ್ಕಳ್ದೆ ಮಾಡ್ಬುಟ್ಟವ್ನೆ, ಎಲ್ಲಾ ತಿರುಗ್ ಮುರುಗ್ ಆಗದೆ' ಅಂದ್ರು. ಆಮೇಲೆ ಕಣ್ಣೊರುಸ್ಕಂಡು, 'ಅವ್ನಿಗ್ ಏಳ್ಬ್ಯಾಡ, ಮನ್ಸಿಗ್ ಅಚ್ಕತಾನೆ. ಉಳ್ದೋಗಿದ್ ಕಿವಿ ಅವ್ನು ಚುಚ್ಚವ್ನೆ ಅಂದ್ಕತೀನಿ' ಅಂದ್ರು."

ನಾನು ಎದ್ದು ನೇರ ಶೆಡ್ಡಿಗೆ ಹೋದೆ. ಹಲಗೆ ಇನ್ನೂ ಅಲ್ಲೇ ಇತ್ತು. ಡಬ್ಬಿಯಲ್ಲಿದ್ದ ಕಪ್ಪು ಬಣ್ಣವನ್ನೇ ಬಟ್ಟೆಯಲ್ಲಿ ಹಚ್ಚಿ, ಕಾಗದ ಇಟ್ಟು, ಅಂಗೈಯಲ್ಲಿ ಒತ್ತಿ ಎತ್ತಿದೆ. ಹಲಗೆಯಲ್ಲಿ ಬಲಕ್ಕಿದ್ದದ್ದು ಕಾಗದದಲ್ಲಿ ಎಡಕ್ಕೆ, ಎಡಕ್ಕಿದ್ದದ್ದು ಬಲಕ್ಕೆ, ಎಲ್ಲವೂ ತಿರುಗಿ ಕೂತಿತ್ತು. ತಾಯಿಯ ಎಡ ಸೊಂಟದ ಮೇಲೆ ಮಗು. ಬಲಗೈ ಬಿಡುವಾಗಿ ಆನೆಯ ಕಡೆ ಚಾಚಿದೆ, ನಮ್ಮ ಹೆಂಗಸರು ನಿಲ್ಲುವುದೇ ಹಾಗೆ. ಮಗುವಿನ ಎಡಗಿವಿಯಲ್ಲಿ ಓಲೆ. ಹೆಣ್ಣುಮಕ್ಕಳಿಗೆ ಮೊದಲು ಎಡಗಿವಿಯನ್ನೇ ಚುಚ್ಚುವುದು. ಸುಧಾಳಿಗೂ ಚಿನ್ನುವಿಗೂ ನಾನೇ ತೊಡೆಯ ಮೇಲೆ ಕೂರಿಸಿಕೊಂಡು ಚುಚ್ಚಿಸಿದ್ದೇನೆ. ರಾಜಮ್ಮ ನೋಡಿದ ಕೂಡಲೇ ಹೇಳಿದ್ದಳು. ಮೇಷ್ಟ್ರು ಮೊದಲೇ ಹೇಳಿದ್ದರು. ಕಣ್ಣಿರುವವನು ನಾನೊಬ್ಬನೇ ನೋಡಿರಲಿಲ್ಲ.

ಗ್ರೈಂಡರು, ವೆಲ್ಡಿಂಗ್ ಸೆಟ್ಟು ವ್ಯಾನಿಗೆ ಹಾಕಿಕೊಂಡು ರಾಜಮ್ಮನ ಜೊತೆ ಯಳಂದೂರಿಗೆ ಹೋದೆ. ಗುಂಡನ್ನು ಕಿತ್ತು ಎಡಗಿವಿಗೆ ಬೆಸೆಯುವುದು ಹತ್ತು ನಿಮಿಷದ ಕೆಲಸ. ಗ್ರೈಂಡರು ಚಾಲೂ ಮಾಡಿ ಹತ್ತಿರ ಹಿಡಿದೆ. ಮತ್ತೆ ಆರಿಸಿ ಕೆಳಗಿಟ್ಟೆ.

"ತಗ್ದುಬುಟ್ರೆ ಮೇಷ್ಟ್ರು ಅಂದ್ಕಂಡಿದ್ದುನ್ನೂ ತಗ್ದಂಗೆ ಆಯ್ತದೆ ಕಣ್ರಿ" ಎಂದಳು ರಾಜಮ್ಮ.

"ಬುಟ್ರೆ ಸುಳ್ಳು ನಿಲ್ಸ್ದಂಗೆ ಆಯ್ತದಲ್ಲ?" ಎಂದೆ.

"ಹಂಗಾದ್ರೆ ಸುಳ್ಳು ಅಂತ ಏಳಿ, ನಿಮ್ ಬಾಯಲ್ಲೇ" ಎಂದಳು.

ಮೇಡಂ ಬಂದರು. ವಿಷಯ ಕೇಳಿ, ಸರಿಯಾದದ್ದನ್ನು ಹೊಸದಾಗಿ ಮಾಡಿಕೊಡಿ, ಇದನ್ನು ತೆಗೆದುಬಿಡೋಣ ಎಂದರು. ಹೊಸದು ಮಾಡುತ್ತೇನೆ, ಇದನ್ನು ತೆಗೆಯುವುದು ಬೇಡ ಎಂದೆ. ಒಂದು ತಗಡು ಕೇಳಿ ತೆಗೆದುಕೊಂಡೆ. ಬಣ್ಣದಲ್ಲಿ ಬರೆಯಲಿಲ್ಲ; ಕಣ್ಣಿಲ್ಲದವರ ಬೆರಳಿಗೂ ಸಿಗಲಿ ಎಂದು ಬೆಸುಗೆಯಲ್ಲೇ ಅಕ್ಷರ ಎಬ್ಬಿಸಿದೆ. ಇಡೀ ಮಧ್ಯಾಹ್ನ ಹಿಡಿಯಿತು. ಆ ತಗಡು ಈಗ ತಾಯಿಯ ಕಾಲಿನ ಬುಡದಲ್ಲಿದೆ:

ಮೇಷ್ಟ್ರು ಕೆತ್ತಿದ ಚಿತ್ರದಲ್ಲಿ ಮಗುವಿನ ಓಲೆ ಎಡಗಿವಿಯಲ್ಲಿದೆ. ಬಲಗಿವಿಗೆ ಹಾಕಿದವನು ನಾನು.

ಭಾನುವಾರಗಳಲ್ಲಿ ಕಂಬಕ್ಕೆ ಬಣ್ಣ ಬಳಿಯಲೋ, ತುಕ್ಕು ಉಜ್ಜಲೋ ಹೋಗುತ್ತಿರುತ್ತೇನೆ. ತಾಯಂದಿರು ಅದನ್ನು ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳುತ್ತಾರೆ. ಕೇಳಿದ ತಕ್ಷಣ ಮಕ್ಕಳು, ಯಾವುದು ಎಡ ಯಾವುದು ಬಲ ಎಂದು ತಮ್ಮ ಕಿವಿಗಳನ್ನು ಮುಟ್ಟಿಕೊಂಡು ನೋಡುತ್ತವೆ. ಆಗ ನಾನು ಬೇರೆ ಕಡೆ ನೋಡುತ್ತೇನೆ.